ಸಾಹೇಬ್ರ ಹುಟ್ಟುಹಬ್ಬಕ್ಕಲ್ಲ, ಮೂರು ತಿಂಗಳಿಗೊಮ್ಮೆ ರಕ್ತ ಕೊಡಿ

ನಮ್ಮಲ್ಲಿ ಯಾವ ನಾಯಕರ ಹುಟ್ಟುಹಬ್ಬ ಬಂದರೂ ಕಾರ್ಯಕ್ರಮದ ಪಟ್ಟಿ ಹೆಚ್ಚುಕಮ್ಮಿ ಒಂದೇ. ಸರ್ಕಲ್‌ನಲ್ಲಿ ಫ್ಲೆಕ್ಸು, ಬೆಳಿಗ್ಗೆ ದೇವಸ್ಥಾನದಲ್ಲಿ ಪೂಜೆ, ಸರ್ಕಾರಿ ಆಸ್ಪತ್ರೆಯ ಒಳರೋಗಿಗಳಿಗೆ ಹಣ್ಣು-ಬ್ರೆಡ್ಡು, ಹತ್ತೂವರೆಗೆ ಕಲ್ಯಾಣ ಮಂಟಪದಲ್ಲಿ ಬೃಹತ್ ರಕ್ತದಾನ ಶಿಬಿರ. ಪಕ್ಷ ಯಾವುದು ಅನ್ನೋದು ಹೆಗಲ ಮೇಲಿನ ಶಾಲಿನಿಂದ ಮಾತ್ರ ಗೊತ್ತಾಗುತ್ತೆ. ಹಣ್ಣು-ಬ್ರೆಡ್ಡಿಗಿಂತ ರಕ್ತದಾನ ಎಷ್ಟೋ ಮೇಲು, ಅದರಲ್ಲಿ ಅನುಮಾನ ಬೇಡ. ಆದರೆ ಮರುದಿನದ ಪತ್ರಿಕೆಯಲ್ಲಿ ‘ಸಾವಿರ ಯೂನಿಟ್ ರಕ್ತ ಸಂಗ್ರಹ’ ಅಂತ ಓದಿದಾಗೆಲ್ಲ ನನಗೆ ಏಳುವ ಪ್ರಶ್ನೆ ಬೇರೆ. ಆ ಸಾವಿರ ಚೀಲಗಳನ್ನು ಎಲ್ಲಿಟ್ಟರು? ಒಂದೂವರೆ ತಿಂಗಳ ನಂತರ ಅವುಗಳ ಗತಿ ಏನು?

ನಾನು ಓದಿದ್ದು ಎಂಜಿನಿಯರಿಂಗ್. ನಾಲ್ಕು ವರ್ಷ ಕಲಿತದ್ದರಲ್ಲಿ ಬಹುಪಾಲು ಮರೆತಿದ್ದೇನೆ, ಪತ್ರಿಕೋದ್ಯಮಕ್ಕೆ ಬಂದಮೇಲೆ ಅದರ ಅಗತ್ಯವೂ ಬೀಳಲಿಲ್ಲ. ಒಂದು ವಿಷಯ ಮಾತ್ರ ತಲೆಯಲ್ಲಿ ಉಳಿದಿದೆ. ಬೇಗ ಕೆಡುವ ಸರಕನ್ನು ಎಷ್ಟು ತರಿಸಬೇಕು, ಯಾವಾಗ ತರಿಸಬೇಕು ಅನ್ನೋ ದಾಸ್ತಾನಿನ ಲೆಕ್ಕ. ಹಾಲಿನ ಡೈರಿಯವರಿಗೆ, ಹೂವಿನ ಮಾರ್ಕೆಟ್‌ನವರಿಗೆ ಈ ಲೆಕ್ಕ ಓದದೇ ಬರುತ್ತೆ. ರಕ್ತದ ವಿಷಯದಲ್ಲಿ ಮಾತ್ರ ನಾವು ಅದನ್ನು ಗೋದಾಮಿನಲ್ಲಿ ಪೇರಿಸಿಡುವ ಅಕ್ಕಿ ಮೂಟೆ ಅಂದುಕೊಂಡಿದ್ದೇವೆ.

ಚೀಲದ ಆಯಸ್ಸು

ನಿಮ್ಮ ತೋಳಿನಿಂದ ಚೀಲಕ್ಕೆ ಇಳಿಯುವುದು 350 ಅಥವಾ 450 ಮಿಲಿಲೀಟರ್ ರಕ್ತ. ಅದನ್ನು ಹಾಗೇ ಇನ್ನೊಬ್ಬರಿಗೆ ಹಾಕುವುದು ಈಗ ಕಡಿಮೆ. ಸೌಲಭ್ಯ ಇರುವ ಕೇಂದ್ರಗಳಲ್ಲಿ ಚೀಲವನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಭಾಗ ಮಾಡುತ್ತಾರೆ. ಕೆಂಪು ರಕ್ತಕಣ ಒಂದು ಕಡೆ, ಪ್ಲಾಸ್ಮಾ ಒಂದು ಕಡೆ, ಪ್ಲೇಟ್‌ಲೆಟ್ ಇನ್ನೊಂದು ಕಡೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಬಾಣಂತಿಗೆ ಮೊದಲು ಬೇಕಾಗುವುದು ಕೆಂಪುಕಣ. ಸುಟ್ಟಗಾಯದವರಿಗೆ, ಲಿವರ್ ಕೆಟ್ಟು ರಕ್ತ ಹೆಪ್ಪುಗಟ್ಟದವರಿಗೆ ಪ್ಲಾಸ್ಮಾ. ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುವ ಮಗುವಿಗೆ ಪ್ಲೇಟ್‌ಲೆಟ್.

ಈ ಮೂರಕ್ಕೂ ಬೇರೆ ಬೇರೆ ಆಯಸ್ಸು. ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಟ್ಟರೆ ಒಂದು ವರ್ಷ ಇರುತ್ತೆ. ಕೆಂಪುಕಣವನ್ನು 2ರಿಂದ 6 ಡಿಗ್ರಿಯ ಫ್ರಿಜ್‌ನಲ್ಲಿಟ್ಟರೂ ಚೀಲದಲ್ಲಿರುವ ದ್ರಾವಣವನ್ನು ಅವಲಂಬಿಸಿ 35 ದಿನ, ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್‌ನದ್ದಂತೂ ಕಷ್ಟದ ಜೀವ. ಫ್ರಿಜ್‌ಗೆ ಹಾಕುವಂತಿಲ್ಲ, 20-24 ಡಿಗ್ರಿಯಲ್ಲಿ ತೊಟ್ಟಿಲು ತೂಗಿದ ಹಾಗೆ ತೂಗುತ್ತಲೇ ಇರಬೇಕು. ಅಷ್ಟು ಮಾಡಿದರೂ ಐದೇ ದಿನ. ಇವತ್ತು ಭಾನುವಾರದ ಶಿಬಿರದಲ್ಲಿ ತೆಗೆದ ಪ್ಲೇಟ್‌ಲೆಟ್ ಮುಂದಿನ ಭಾನುವಾರಕ್ಕೆ ಕಸ.

ಈಗ ಹುಟ್ಟುಹಬ್ಬದ ಶಿಬಿರಕ್ಕೆ ವಾಪಸ್ ಬರೋಣ. ಒಂದು ಜಿಲ್ಲಾ ಕೇಂದ್ರದ ಬ್ಲಡ್ ಸೆಂಟರ್‌ನಲ್ಲಿ ದಿನಕ್ಕೆ 20 ಯೂನಿಟ್ ಕೆಂಪುಕಣ ಖರ್ಚಾಗುತ್ತೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಶಿಬಿರದಿಂದ ಒಂದೇ ದಿನ 1,000 ಯೂನಿಟ್ ಬಂತು. 42 ದಿನದಲ್ಲಿ ಖರ್ಚಾಗುವುದು 840. ಆ ಅವಧಿಯಲ್ಲಿ ಬೇರೆ ಒಬ್ಬರೂ ರಕ್ತ ಕೊಡದಿದ್ದರೂ 160 ಚೀಲ ಅವಧಿ ಮೀರಿ ಹೋಗುತ್ತವೆ. ಇದು ಸಣ್ಣ ನಷ್ಟ. ದೊಡ್ಡದು ನಲವತ್ತಮೂರನೇ ದಿನ ಎದುರಾಗುತ್ತೆ. ಅವತ್ತು ಫ್ರಿಜ್ ಖಾಲಿ. ರಕ್ತ ಕೊಟ್ಟ ಸಾವಿರ ಜನ ಊರಲ್ಲೇ ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಕೊಡುವ ಮನಸ್ಸೂ ಇದೆ. ಆದರೆ ಕೊಡುವಂತಿಲ್ಲ! ಗಂಡಸರಾದರೆ ಒಂದು ಸಲ ಕೊಟ್ಟಮೇಲೆ 90 ದಿನ, ಹೆಂಗಸರಾದರೆ 120 ದಿನ ಕಾಯಲೇಬೇಕು. ಅಂದರೆ ಒಂದೇ ದಿನ ಎಲ್ಲರ ತೋಳಿಗೂ ಸೂಜಿ ಚುಚ್ಚಿ, ಮುಂದೆ ಕಷ್ಟ ಬರುವ ದಿನಗಳಿಗೆ ಆ ಊರಿನ ದಾನಿಗಳಿಗೆಲ್ಲ ನಾವೇ ಬೀಗ ಹಾಕಿದಂತಾಯಿತು.

ಅದೇ ಸಾವಿರ ಜನರನ್ನು 90 ದಿನಕ್ಕೆ ಹಂಚಿದರೆ ದಿನಕ್ಕೆ 11 ಜನ. ಆ ಕೇಂದ್ರದ ಅರ್ಧಕ್ಕಿಂತ ಹೆಚ್ಚು ಬೇಡಿಕೆ ವರ್ಷಪೂರ್ತಿ ನೀಗುತ್ತೆ. ಒಂದು ಚೀಲವೂ ಎಸೆಯಬೇಕಿಲ್ಲ. ಫ್ಲೆಕ್ಸ್‌ಗೆ ಹಾಕುವ ಸಂಖ್ಯೆ ಮಾತ್ರ ಸಿಗುವುದಿಲ್ಲ, ‘ಇಂದು 11 ಜನರಿಂದ ಬೃಹತ್ ರಕ್ತದಾನ’ ಅಂತ ಯಾರು ತಾನೇ ಪ್ರಿಂಟ್ ಹಾಕಿಸ್ತಾರೆ?

ದೊಡ್ಡ ಶಿಬಿರ ಮಾಡುವವರು ರಕ್ತವನ್ನು ಹಲವು ಕೇಂದ್ರಗಳಿಗೆ ಹಂಚುತ್ತಾರೆ, ಅದು ನಿಜ. ಹಂಚಿದರೂ ಸಮಸ್ಯೆಯ ಸ್ವರೂಪ ಬದಲಾಗುವುದಿಲ್ಲ. 2022ರ ಸೆಪ್ಟೆಂಬರ್ 17ರಂದು, ಪ್ರಧಾನಿ ಮೋದಿಯವರ ಹುಟ್ಟುಹಬ್ಬದ ದಿನ ಶುರುವಾದ ರಾಷ್ಟ್ರೀಯ ರಕ್ತದಾನ ಅಭಿಯಾನದಲ್ಲಿ ಮೊದಲ ದಿನವೇ 80 ಸಾವಿರಕ್ಕೂ ಹೆಚ್ಚು ಜನ ರಕ್ತ ಕೊಟ್ಟರು, ಅದನ್ನು ವಿಶ್ವದಾಖಲೆ ಅಂತ ಕೇಂದ್ರ ಸರ್ಕಾರ ಹೇಳಿಕೊಂಡಿತು. ದಾಖಲೆ ಬರೆಯುವ ಹಂಬಲ ಒಂದು ಪಕ್ಷದ್ದಲ್ಲ, ಎಲ್ಲರದ್ದೂ. ಆದರೆ ಪೋಲಾದದ್ದರ ದಾಖಲೆಯೂ ನಮ್ಮಲ್ಲಿದೆ. 2017ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಸಿಕ್ಕ ಉತ್ತರದ ಪ್ರಕಾರ ಐದು ವರ್ಷಗಳಲ್ಲಿ ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು ಯೂನಿಟ್ ರಕ್ತ ಮತ್ತು ರಕ್ತದ ಘಟಕಗಳನ್ನು ಎಸೆಯಲಾಗಿತ್ತು. ಹೆಚ್ಚು ಪೋಲಾದ ರಾಜ್ಯಗಳ ಸಾಲಿನಲ್ಲಿ ಮಹಾರಾಷ್ಟ್ರ, ಉತ್ತರ ಪ್ರದೇಶದ ಜೊತೆ ಕರ್ನಾಟಕವೂ ಇತ್ತು. ಎಲ್ಲವೂ ಅವಧಿ ಮೀರಿಯೇ ಕೆಟ್ಟದ್ದಲ್ಲ, ಸೋಂಕು ಪತ್ತೆಯಾಗಿ ಎಸೆದದ್ದೂ, ಶೇಖರಣೆಯಲ್ಲಿ ಹಾಳಾದದ್ದೂ ಸೇರಿದೆ. ಆದರೂ ಒಂದು ಕಡೆ ಲಕ್ಷಗಟ್ಟಲೆ ಚೀಲ ಚೆಲ್ಲುತ್ತಾ, ಇನ್ನೊಂದು ಕಡೆ ‘ಅರ್ಜೆಂಟ್ ಬಿ ಪಾಸಿಟಿವ್ ಬೇಕು, ದಯವಿಟ್ಟು ಫಾರ್ವರ್ಡ್ ಮಾಡಿ’ ಅಂತ ವಾಟ್ಸಾಪ್‌ನಲ್ಲಿ ಬೇಡುವ ದೇಶ ನಮ್ಮದು.

ಖಾಲಿ ಫ್ರಿಜ್‌ನ ಬಿಲ್ ಯಾರಿಗೆ?

ಆ ನಲವತ್ತಮೂರನೇ ದಿನ ಆಸ್ಪತ್ರೆಗೆ ಬಂದವರ ಪಾಡು ಏನು? ಇಲ್ಲಿಂದ ಇದು ಲೆಕ್ಕ ಅಲ್ಲ, ರಾಜಕೀಯ.

ಬ್ಲಡ್ ಸೆಂಟರ್ ಕೌಂಟರ್‌ನಲ್ಲಿ ಕೇಳಿಬರುವ ಮಾತು ನಿಮಗೂ ಗೊತ್ತಿರಬಹುದು. ‘ಎರಡು ಯೂನಿಟ್ ಬೇಕಾಗುತ್ತೆ, ಇಬ್ಬರು ಡೋನರ್ ಕರ್ಕೊಂಡು ಬನ್ನಿ.’ ಇದಕ್ಕೆ ರಿಪ್ಲೇಸ್‌ಮೆಂಟ್ ಅಂತ ಹೆಸರು. ಜಯನಗರದಲ್ಲಿ ಮನೆ ಇದ್ದು, ಆಫೀಸಿನ ಗ್ರೂಪ್‌ನಲ್ಲಿ ಇನ್ನೂರು ಜನ ಇರುವವರಿಗೆ ಇದು ಅರ್ಧ ಗಂಟೆಯ ಕೆಲಸ. ದೇವದುರ್ಗದಿಂದಲೋ ಸೇಡಂನಿಂದಲೋ ರಾತ್ರಿ ಬಸ್ಸಿಗೆ ಬಂದು, ಆಸ್ಪತ್ರೆ ಆವರಣದಲ್ಲಿ ಚಾಪೆ ಹಾಸಿಕೊಂಡಿರುವ ಅಪ್ಪ-ಅಮ್ಮನಿಗೆ? ಬೆಂಗಳೂರಿನಲ್ಲಿ ಅವರಿಗೆ ಗೊತ್ತಿರುವುದು ಗಾರೆ ಕೆಲಸಕ್ಕೆ ಬಂದಿರುವ ಒಬ್ಬ ಅಳಿಯ. ಅವನು ಬಂದರೆ ದಿನಗೂಲಿ ಹೋಗುತ್ತೆ, ಬಂದರೂ ಹಿಮೋಗ್ಲೋಬಿನ್ ಸಾಲದು ಅಂತ ವಾಪಸ್ ಕಳಿಸಬಹುದು. ವರದಿಗಾರಿಕೆಗೆ ಹೋದ ಆಸ್ಪತ್ರೆಗಳಲ್ಲಿ ಇಂಥವರು ಗೋಡೆಗೆ ಒರಗಿ ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸರಿಸುತ್ತಾ ಕೂತಿರುವುದನ್ನು ನೋಡಿದ್ದೇನೆ. ರಕ್ತದ ಕೊರತೆ ಎಲ್ಲರಿಗೂ ಒಂದೇ ಅಲ್ಲ. ಸಂಪರ್ಕ ಇದ್ದವರಿಗೆ ರಕ್ತ ಸಿಗುತ್ತೆ, ಇಲ್ಲದವರಿಗೆ ದಲ್ಲಾಳಿ ಸಿಗ್ತಾನೆ.

ಈ ದಲ್ಲಾಳಿಗೆ ಒಂದು ಚರಿತ್ರೆಯೇ ಇದೆ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ರಕ್ತ ಮಾರುವುದೇ ಕಸುಬಾಗಿತ್ತು. ಹಸಿದವರು, ಕುಡಿತಕ್ಕೆ ಬಿದ್ದವರು ಮತ್ತೆ ಮತ್ತೆ ಬಂದು ಮಾರಿ ಹೋಗುತ್ತಿದ್ದರು. ‘ಕಾಮನ್ ಕಾಸ್’ ಸಂಸ್ಥೆ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಜನವರಿ 4ರಂದು ತೀರ್ಪು ಕೊಟ್ಟಿತು. ಎರಡು ವರ್ಷದೊಳಗೆ ರಕ್ತ ಮಾರಾಟ ನಿಲ್ಲಬೇಕು, ದೇಶಕ್ಕೊಂದು ಮತ್ತು ರಾಜ್ಯಗಳಿಗೊಂದು ರಕ್ತ ಮರುಪೂರಣ ಮಂಡಳಿ ಆಗಬೇಕು ಅಂತ. 1998ರ ಜನವರಿ 1ರಿಂದ ರಕ್ತ ಮಾರುವುದು ನಿಷಿದ್ಧವಾಯಿತು. 2002ರ ರಾಷ್ಟ್ರೀಯ ರಕ್ತ ನೀತಿ ರಿಪ್ಲೇಸ್‌ಮೆಂಟ್ ಪದ್ಧತಿಯನ್ನೂ ಹಂತಹಂತವಾಗಿ ಕೈಬಿಡಬೇಕು ಅಂದಿತು. ಎರಡು ದಶಕ ಕಳೆದಿವೆ. ಕೌಂಟರ್‌ನಲ್ಲಿ ಮಾತು ಬದಲಾಗಿಲ್ಲ. ‘ಸಂಬಂಧಿಕ’ ಅಂತ ಫಾರ್ಮ್‌ನಲ್ಲಿ ಬರೆಸಿ ಕೂರುವ ವ್ಯಕ್ತಿ ನಿಜವಾಗಿ ಸಂಬಂಧಿಕನೇ, ಆಸ್ಪತ್ರೆ ಹೊರಗಿನ ಟೀ ಅಂಗಡಿಯಲ್ಲಿ ಸಿಕ್ಕವನೇ ಅಂತ ಯಾರೂ ವಂಶವೃಕ್ಷ ಕೇಳುವುದಿಲ್ಲ.

ರಕ್ತಕ್ಕೆ ಬೆಲೆ ಇಲ್ಲ, ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ ಮಾತ್ರ ಅನ್ನೋದು ಕಾನೂನು. ಕೆಂಪುಕಣದ ಒಂದು ಚೀಲಕ್ಕೆ ಖಾಸಗಿ ಕೇಂದ್ರದಲ್ಲಿ ಆ ಶುಲ್ಕ ಒಂದೂವರೆ ಸಾವಿರ ರೂಪಾಯಿಯ ಆಸುಪಾಸು, ಸರ್ಕಾರಿ ಕೇಂದ್ರದಲ್ಲಿ ಅದಕ್ಕಿಂತ ಕಡಿಮೆ. ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ಇರುವವರಿಗೆ ಆ ಶುಲ್ಕವನ್ನೂ ಹಾಕುವಂತಿಲ್ಲ. ಇದನ್ನು ತಿಳಿದಿಟ್ಟುಕೊಳ್ಳಿ, ಯಾರಿಗಾದರೂ ಬೇಕಾಗುತ್ತೆ.

ಥಲಸ್ಸೇಮಿಯಾ ಅಂದೆ. ನಿಯಮಿತ ದಾನಿ ಯಾಕೆ ಬೇಕು ಅನ್ನೋದಕ್ಕೆ ಆ ಮಕ್ಕಳಿಗಿಂತ ಬೇರೆ ಉದಾಹರಣೆ ಬೇಕಿಲ್ಲ. ತೀವ್ರ ಥಲಸ್ಸೇಮಿಯಾ ಇರುವ ಮಗುವಿನ ದೇಹಕ್ಕೆ ಸರಿಯಾದ ಹಿಮೋಗ್ಲೋಬಿನ್ ಮಾಡಿಕೊಳ್ಳಲು ಆಗುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು, ಬದುಕಿರುವವರೆಗೆ ಅಥವಾ ಅಸ್ಥಿಮಜ್ಜೆ ಕಸಿ ಆಗುವವರೆಗೆ. ಅವರ ಕ್ಯಾಲೆಂಡರ್‌ನಲ್ಲಿ ದಸರಾ ರಜೆ ಇಲ್ಲ, ಚುನಾವಣೆ ಇಲ್ಲ, ಯಾವ ಸಾಹೇಬ್ರ ಹುಟ್ಟುಹಬ್ಬವೂ ಇಲ್ಲ. ಕಾಲೇಜು ಶಿಬಿರಗಳನ್ನೇ ನೆಚ್ಚಿಕೊಂಡ ಕೇಂದ್ರಗಳಲ್ಲಿ ಪರೀಕ್ಷೆ ಶುರುವಾದರೆ, ಬೇಸಿಗೆ ರಜೆ ಬಂದರೆ ಕಪಾಟು ಬರಿದಾಗುತ್ತೆ. ಮಕ್ಕಳ ಹಿಮೋಗ್ಲೋಬಿನ್ ಮಾತ್ರ ರಜೆ ನೋಡಿಕೊಂಡು ಇಳಿಯುವುದಿಲ್ಲ.

ಸುರಕ್ಷತೆಯ ಮಾತೂ ಇಲ್ಲೇ ಬರುತ್ತೆ. ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷೆ ಮಾಡಬೇಕು ಅನ್ನೋದು ಕಡ್ಡಾಯ. ಆದರೆ ಸೋಂಕು ತಗುಲಿದ ತಕ್ಷಣ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ, ಮೊದಲ ಕೆಲವು ದಿನ ಅದು ಅಡಗಿರುತ್ತೆ. ನ್ಯಾಟ್ ಅನ್ನುವ ದುಬಾರಿ ಪರೀಕ್ಷೆ ಆ ಅವಧಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ಇಲ್ಲವಾಗಿಸುವುದಿಲ್ಲ. ಆ ಸಂದಿನಲ್ಲಿ ಉಳಿಯುವ ರಕ್ಷಣೆ ಒಂದೇ, ದಾನಿ ಫಾರ್ಮ್‌ನಲ್ಲಿ ನಿಜ ಹೇಳುವುದು. ಬಾಮೈದನ ಆಪರೇಷನ್ ನಾಳೆ ಬೆಳಿಗ್ಗೆ ಅಂತ ಎಳೆದುಕೊಂಡು ಬಂದವನು, ಮಾವನ ಎದುರು ನಿಂತು ತನ್ನ ಖಾಸಗಿ ಬದುಕಿನ ಪ್ರಶ್ನೆಗಳಿಗೆ ನಿಜ ಉತ್ತರ ಬರೀತಾನಾ? ಯಾವ ಒತ್ತಡವೂ ಇಲ್ಲದೆ ತಾನಾಗಿ ಬರುವವನಿಗೆ ‘ಈ ಸಲ ಬೇಡ, ಮುಂದಿನ ಸಲ ಕೊಡ್ತೀನಿ’ ಅನ್ನೋದು ಸುಲಭ. ಮೇಲಾಗಿ ಅವನ ರಕ್ತ ಹಿಂದಿನ ಸಲವೂ ಪರೀಕ್ಷೆಯಾಗಿರುತ್ತೆ. ಬ್ರಿಟನ್ನಿನ ರಿಚರ್ಡ್ ಟಿಟ್ಮಸ್ 1970ರಲ್ಲೇ ತನ್ನ ‘ದಿ ಗಿಫ್ಟ್ ರಿಲೇಶನ್‌ಶಿಪ್’ ಪುಸ್ತಕದಲ್ಲಿ ಬ್ರಿಟನ್ ಮತ್ತು ಅಮೆರಿಕವನ್ನು ಹೋಲಿಸಿ, ದುಡ್ಡಿಗೆ ಕೊಂಡ ರಕ್ತಕ್ಕಿಂತ ಸ್ವಇಚ್ಛೆಯಿಂದ ಕೊಟ್ಟ ರಕ್ತ ಸುರಕ್ಷಿತ ಅಂತ ವಾದಿಸಿದ್ದ. 2025ರ ಅಕ್ಟೋಬರ್‌ನಲ್ಲಿ ಜಾರ್ಖಂಡ್‌ನ ಚಾಯಿಬಾಸಾದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಹಾಕಿಸಿಕೊಂಡಿದ್ದ ಮಕ್ಕಳಲ್ಲಿ ಎಚ್‌ಐವಿ ಪತ್ತೆಯಾದ ಸುದ್ದಿ ಓದಿದವರಿಗೆ ಇದು ಪುಸ್ತಕದ ವಾದ ಅಂತ ಅನಿಸಲಿಕ್ಕಿಲ್ಲ.

ಮುನ್ನೂರಕ್ಕೆ ಒಬ್ಬರು ಸಾಕು

ಹಾಗಾದರೆ ಎಷ್ಟು ಜನ ಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಒರಟು ಅಂದಾಜಿದೆ. ಜನಸಂಖ್ಯೆಯ ಶೇ. 1ರಷ್ಟು ಯೂನಿಟ್ ವರ್ಷಕ್ಕೆ ಬೇಕು. ಇದು ಕನಿಷ್ಠ, ದೊಡ್ಡ ಆಸ್ಪತ್ರೆಗಳು ಹೆಚ್ಚಿರುವ ಕಡೆ ಇನ್ನೂ ಹೆಚ್ಚು ಬೇಕಾಗುತ್ತೆ. 2011ರ ಜನಗಣತಿಯ 6.1 ಕೋಟಿಯನ್ನೇ ಹಿಡಿದರೂ ಕರ್ನಾಟಕಕ್ಕೆ ವರ್ಷಕ್ಕೆ 6.1 ಲಕ್ಷ ಯೂನಿಟ್, ದಿನಕ್ಕೆ ಸುಮಾರು 1,700. ಒಬ್ಬರು ವರ್ಷಕ್ಕೆ ಮೂರು ಸಲ ಕೊಟ್ಟರೆ ಇಡೀ ರಾಜ್ಯಕ್ಕೆ ಬೇಕಾಗಿರುವುದು ಎರಡು ಲಕ್ಷದಷ್ಟು ದಾನಿಗಳು. ಅಂದರೆ ಮುನ್ನೂರು ಜನಕ್ಕೆ ಒಬ್ಬರು! ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು, ನಿಮ್ಮ ಹಳ್ಳಿಯಲ್ಲಿ ಐದಾರು ಜನ. ಅವರು ತಪ್ಪದೇ ಹೋಗಬೇಕು, ಅಷ್ಟೆ. ಲಕ್ಷಾಂತರ ಜನರ ಮನ ಕರಗಿಸುವ ಜಾಹೀರಾತಿಗಿಂತ ಈ ಮುನ್ನೂರಕ್ಕೊಬ್ಬರನ್ನು ಹುಡುಕಿ ಉಳಿಸಿಕೊಳ್ಳುವುದು ನಿಜವಾದ ಕೆಲಸ.

ಆ ಒಬ್ಬರು ನೀವಾಗಬಹುದಾ? ನಿಯಮ ಸರಳವಾಗಿದೆ. ವಯಸ್ಸು 18 ತುಂಬಿರಬೇಕು, 65 ದಾಟಿರಬಾರದು. ತೂಕ ಕನಿಷ್ಠ 45 ಕೆಜಿ, 450 ಮಿಲಿ ಕೊಡಬೇಕಾದರೆ 55 ಕೆಜಿ ಮೇಲಿರಬೇಕು. ಹಿಮೋಗ್ಲೋಬಿನ್ 12.5. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಕುಡಿದು ಹೋಗಬೇಡಿ, ನೈಟ್ ಶಿಫ್ಟ್ ಮುಗಿಸಿ ನಿದ್ದೆಗೆಟ್ಟು ನೇರ ಹೋಗಬೇಡಿ. ಟ್ಯಾಟೂ ಹಾಕಿಸಿಕೊಂಡಿದ್ದರೆ ಒಂದು ವರ್ಷ ಕಾಯಬೇಕು (ನಮ್ಮ ಓದುಗರಲ್ಲಿ ಅರ್ಧ ಜನ ಇಲ್ಲೇ ಉದುರುತ್ತಾರೇನೋ). ಗರ್ಭಿಣಿಯರು, ಎದೆಹಾಲು ಕುಡಿಸುವವರು ಕೊಡುವಂತಿಲ್ಲ. ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಅಲ್ಲಿನ ವೈದ್ಯರಿಗೆ ಹೇಳಿ, ಅವರು ತೀರ್ಮಾನ ಮಾಡ್ತಾರೆ. ಸೂಜಿ ತೋಳಿನಲ್ಲಿರುವುದು ಹತ್ತು ನಿಮಿಷ. ಫಾರ್ಮು, ತಪಾಸಣೆ, ಆಮೇಲಿನ ಜ್ಯೂಸು-ಬಿಸ್ಕತ್ತು ಎಲ್ಲ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತೆ.

ನಿಶ್ಶಕ್ತಿ ಆಗುತ್ತಾ ಅಂತ ಅಮ್ಮ ಕೇಳೇ ಕೇಳ್ತಾರೆ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತೆ. ಕೊಟ್ಟ ದ್ರವಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತೆ, ಕೆಂಪುಕಣಗಳಿಗೆ ಕೆಲವು ವಾರ ಬೇಕು. ನಿಧಾನಕ್ಕೆ ತುಂಬುವುದು ಕಬ್ಬಿಣ, ಪ್ರತಿ ಸಲ 200 ಮಿಲಿಗ್ರಾಂ ಆಸುಪಾಸು ಹೋಗುತ್ತೆ. ಆ 90 ದಿನ ಇರುವುದೇ ಅದಕ್ಕೆ. ನಿಯಮಿತವಾಗಿ ಕೊಡುವವರು ಊಟದ ಕಡೆ ಗಮನ ಕೊಡಲೇಬೇಕು. ಮಾಂಸ, ಸೊಪ್ಪು, ಹುರುಳಿಕಾಳು, ಜೊತೆಗೆ ಒಂದು ಹೋಳು ನಿಂಬೆ. ಊಟ ಆದ ಕೂಡಲೇ ಕಾಫಿ ಕುಡಿದರೆ ತಿಂದ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತೆ, ಸ್ವಲ್ಪ ತಡೆದು ಕುಡಿಯಿರಿ.

‘ನಂದು ಓ ಪಾಸಿಟಿವ್, ಎಲ್ಲರ ಹತ್ರನೂ ಇರುತ್ತೆ, ನನ್ನದ್ಯಾಕೆ?’ ಅನ್ನೋದು ಇನ್ನೊಂದು ಮಾತು. ರೋಗಿಗಳಲ್ಲೂ ಓ ಪಾಸಿಟಿವ್, ಬಿ ಪಾಸಿಟಿವ್‌ನವರೇ ಹೆಚ್ಚು, ಹಾಗಾಗಿ ಕಪಾಟಿನಲ್ಲಿ ಮೊದಲು ಖಾಲಿಯಾಗುವುದೂ ಅದೇ. ನೆಗೆಟಿವ್ ಗುಂಪಿನವರು ಮಾತ್ರ ಮೊದಲೇ ಕೇಂದ್ರಕ್ಕೆ ಫೋನ್ ಮಾಡಿ, ಈಗ ಬೇಕಾ ಅಂತ ಕೇಳಿಕೊಂಡು ಹೋಗುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದಮೇಲೆ ಒಂದು ಅಹಿತಕರ ಸಂಗತಿ ಬಿಡುವಂತಿಲ್ಲ. 12.5ರ ಗೆರೆ ಗಂಡಸರಿಗೂ ಹೆಂಗಸರಿಗೂ ಒಂದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು, ಶೇ. 47.8 ಜನರಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಗಿಂತ ಹೆಚ್ಚು. ಅಂದರೆ ರಾಜ್ಯದ ಅರ್ಧಕ್ಕರ್ಧ ಹೆಣ್ಣುಮಕ್ಕಳು ರಕ್ತ ಕೊಡಲು ಹೋದರೂ ಬಾಗಿಲಲ್ಲೇ ವಾಪಸ್. ರಕ್ತಹೀನತೆ ಇರುವ ಹೆಂಗಸಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಕುತ್ತು, ಆಗ ಅವಳಿಗೆ ಚೀಲ ಬೇಕು. ತಾಲ್ಲೂಕು ಆಸ್ಪತ್ರೆಯ ಶೇಖರಣಾ ಘಟಕದಲ್ಲಿ ರಕ್ತ ಇಲ್ಲದಿದ್ದರೆ ‘ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ’ ಅನ್ನುತ್ತಾರೆ, ಆಂಬುಲೆನ್ಸ್‌ನಲ್ಲಿ ಕಳೆಯುವ ಆ ಒಂದು ಗಂಟೆಯೇ ದುಬಾರಿಯಾಗುತ್ತೆ. ಊಟ ಸಿಕ್ಕವರ ರಕ್ತ ಊಟ ಸಿಗದವರಿಗೆ ಹೋಗಬೇಕಾದ ಸ್ಥಿತಿ ಇದು. ಶಾಲೆಯ ತಟ್ಟೆಯಲ್ಲಿ ಮೊಟ್ಟೆ ಇರಬೇಕೋ ಬೇಡವೋ ಅಂತ ವರ್ಷಗಟ್ಟಲೆ ಜಗಳವಾಡಿದ ನಾಡಿನಲ್ಲಿ ಹೆಣ್ಣುಮಕ್ಕಳ ಪೋಷಣೆ ಯಾಕೆ ಚುನಾವಣಾ ವಿಷಯ ಆಗುವುದಿಲ್ಲ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಕೊಡಲು ಮನಸ್ಸಿದ್ದೂ ಹೊರಗೆ ನಿಂತವರು ಇನ್ನೂ ಇದ್ದಾರೆ. 2017ರ ಮಾರ್ಗಸೂಚಿ ಟ್ರಾನ್ಸ್‌ಜೆಂಡರ್ ಸಮುದಾಯ, ಗೇ ಪುರುಷರು, ಲೈಂಗಿಕ ಕಾರ್ಯಕರ್ತೆಯರನ್ನು ಇಡಿಯಾಗಿ ರಕ್ತದಾನದಿಂದ ಹೊರಗಿಟ್ಟಿತು. ಮಣಿಪುರದ ಟ್ರಾನ್ಸ್ ಹೋರಾಟಗಾರ್ತಿ ಸಾಂತಾ ಖುರೈ 2021ರಲ್ಲಿ ಇದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದರು, ಕೇಂದ್ರ ಸರ್ಕಾರ ವಿಜ್ಞಾನದ ಹೆಸರಿನಲ್ಲಿ ಸಮರ್ಥಿಸಿಕೊಂಡಿತು. ಬ್ರಿಟನ್ 2021ರಲ್ಲಿ, ಅಮೆರಿಕ 2023ರಲ್ಲಿ ಇಂಥ ಸಮುದಾಯವಾರು ನಿಷೇಧ ಕೈಬಿಟ್ಟು, ಪ್ರತಿ ದಾನಿಗೂ ಅವರವರ ನಡವಳಿಕೆಯ ಬಗ್ಗೆ ಒಂದೇ ಪ್ರಶ್ನೆಪಟ್ಟಿ ಕೇಳುವ ಪದ್ಧತಿಗೆ ಬಂದಿವೆ. ಅಪಾಯ ಇರುವುದು ನಡವಳಿಕೆಯಲ್ಲಿ, ಗುರುತಿನಲ್ಲಲ್ಲ. ನನ್ನ ನಿಲುವು ಅದೇ.

ಕೊನೆಗೆ ಸಂಘಟನೆಗಳಲ್ಲಿ ಇರುವವರಿಗೆ ಒಂದು ಮಾತು. ವಿದ್ಯಾರ್ಥಿ ಸಂಘವೋ, ಪಕ್ಷದ ಯುವ ಘಟಕವೋ, ಅಭಿಮಾನಿ ಬಳಗವೋ, ಯಾವುದಾದರೂ ಸರಿ. ನಿಮ್ಮಲ್ಲಿ ರಕ್ತ ಕೊಡಬಲ್ಲವರು 270 ಜನ ಇದ್ದರೆ ಒಂದೇ ದಿನ ಪೆಂಡಾಲ್ ಹಾಕಬೇಡಿ. ಒಂದು ಗೂಗಲ್ ಶೀಟ್ ತೆರೆಯಿರಿ. ಹೆಸರು, ಗುಂಪು, ಹಿಂದೆ ಕೊಟ್ಟ ತಾರೀಖು. ದಿನಕ್ಕೆ ಮೂವರಂತೆ ಹಂಚಿದರೆ 90 ದಿನಕ್ಕೆ ಸರಿಹೋಗುತ್ತೆ, ಹೆಂಗಸರ ಸರದಿ 120ಕ್ಕೆ ಬರುವಂತೆ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಇ-ರಕ್ತಕೋಶ ಪೋರ್ಟಲ್‌ನಲ್ಲಿ ಹತ್ತಿರದ ಬ್ಲಡ್ ಸೆಂಟರ್ ಯಾವುದು, ಅಲ್ಲಿ ಯಾವ ಗುಂಪಿನ ದಾಸ್ತಾನು ಎಷ್ಟಿದೆ ಅಂತ ನೋಡಬಹುದು. ಹೋಗುವ ಮೊದಲು ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು, ಪೋರ್ಟಲ್‌ಗಿಂತ ಕೌಂಟರ್‌ನಲ್ಲಿ ಕೂತ ಸಿಬ್ಬಂದಿಗೆ ಹೆಚ್ಚು ಗೊತ್ತಿರುತ್ತೆ. ಮಳೆಗಾಲದಲ್ಲಿ ಡೆಂಗಿ ಏರಿದಾಗ ಪ್ಲೇಟ್‌ಲೆಟ್ ಮಾತ್ರ ಕೊಡುವ ಆಫೆರಿಸಿಸ್ ವಿಧಾನಕ್ಕೆ ಕರೆ ಬರುತ್ತೆ, ಒಪ್ಪುವವರ ಹೆಸರಿನ ಮುಂದೆ ಶೀಟ್‌ನಲ್ಲೇ ಗುರುತು ಹಾಕಿಟ್ಟುಕೊಳ್ಳಿ. ಏಪ್ರಿಲ್-ಮೇ ತಿಂಗಳ ಸಾಲುಗಳನ್ನು ಮೊದಲು ತುಂಬಿಸಿ, ಕಾಲೇಜು ಮುಚ್ಚಿರುವುದು ಆಗಲೇ. ರಜೆಗೆ ಊರಿಗೆ ಹೋಗುವವರನ್ನು ಶೀಟ್‌ನಿಂದ ತೆಗೆಯಬೇಕಾಗಿಲ್ಲ, ಅವರ ಊರಿನ ಜಿಲ್ಲಾಸ್ಪತ್ರೆಯ ಹೆಸರು ಬರೆದುಕೊಂಡರೆ ಆಯಿತು.